ನಮ್ಮವನೇ ಅಂತ ಸುಮ್ಮನಿರಬೇಕಾ?

"ಸ್ವಲ್ಪ ಟೈಮ್ ಕೊಡಿ ಸ್ವಾಮೀ, ಬುಷ್ ಎಂಟು ವರ್ಷ ಮಾಡಿಟ್ಟ ಕೊಳೆ ಒಂದೇ ದಿನದಲ್ಲಿ ಹೋಗುತ್ತಾ?"

ಬರಾಕ್ ಒಬಾಮಾ ವಿಷಯ ಬಂದಾಗಲೆಲ್ಲ ಈ ಮಾತು ಬಂದೇ ಬರುತ್ತಿತ್ತು. 2009ರಲ್ಲಿ ಹೇಳಿದಾಗ ಅದರಲ್ಲಿ ನ್ಯಾಯ ಇತ್ತು ಬಿಡಿ. 2011ರಲ್ಲೂ ಅದೇ, 2014ರಲ್ಲೂ ಅದೇ. 2017ರ ಜನವರಿ 20ಕ್ಕೆ ಅವರು ಶ್ವೇತಭವನ ಖಾಲಿ ಮಾಡಿ ಹೋದರು. ಆಮೇಲೆ ಮಾತು ಸ್ವಲ್ಪ ಬದಲಾಯಿತು ಅಷ್ಟೇ: "ಪಾಪ, ಅವರೇನು ಮಾಡ್ತಾರೆ? ಕಾಂಗ್ರೆಸ್ ಬಿಡಲಿಲ್ಲ." ಟೈಮ್ ಕೊಡಿ ಅಂದವರೂ ಇವರೇ, ಟೈಮ್ ಸಾಕಾಗಲಿಲ್ಲ ಅಂದವರೂ ಇವರೇ. ಮಧ್ಯದಲ್ಲಿ ಪ್ರಶ್ನೆ ಕೇಳೋದಕ್ಕೆ ಮುಹೂರ್ತ ಯಾವಾಗ ಇತ್ತು ಅಂತ ಮಾತ್ರ ಯಾರೂ ಹೇಳಲಿಲ್ಲ!

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ. ಒಬಾಮಾ ಬುಷ್‌ಗಿಂತ ಒಳ್ಳೆಯವರಾ? ಹೌದು. ಟ್ರಂಪ್‌ಗಿಂತ? ಅದನ್ನೂ ಕೇಳಬೇಕಾ? ಚೆನ್ನಾಗಿ ಓದಿಕೊಂಡವರು, ಚೆನ್ನಾಗಿ ಬರೆಯುವವರು, ಎಂಟು ವರ್ಷ ಅವರ ಮನೆಯ ಮೇಲೆ ಒಂದು ಹಗರಣ ಇಲ್ಲ. ಇದರಲ್ಲಿ ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ನನ್ನ ತಕರಾರು ಇರೋದು ಅವರಿಗೆ ವೋಟು ಹಾಕಿ ನಿರಾಶರಾದ ಪ್ರಗತಿಪರರನ್ನು ಹಟಮಾರಿ ಮಕ್ಕಳ ಥರ ಬೈದವರ ಜೊತೆಗೆ. "ಇವರಿಗೆ ರಾಜಕೀಯ ಗೊತ್ತಿಲ್ಲ, ಚಂದ್ರನನ್ನೇ ಕೇಳ್ತಾರೆ" ಅಂತ ಅಂದರಲ್ಲ, ಆ ಮಾತು ಸುಳ್ಳು. ಆ ಜನರ ಲೆಕ್ಕ ಸರಿಯಿತ್ತು. ಅಷ್ಟೇ ಅಲ್ಲ, ಒಬಾಮಾ ಕಾಲದಲ್ಲಿ ಆದ ಒಳ್ಳೆಯ ಕೆಲಸಗಳಲ್ಲಿ ಎಷ್ಟೋ ಆದದ್ದು "ಟೈಮ್ ಕೊಡಲ್ಲ" ಅಂದವರಿಂದಲೇ.

ಅವರು ಕೇಳಿದ್ದೇನು? ಚಂದ್ರನನ್ನೇನೂ ಕೇಳಲಿಲ್ಲ. 2002ರ ಅಕ್ಟೋಬರ್‌ನಲ್ಲಿ ಶಿಕಾಗೋದಲ್ಲಿ ನಿಂತು ಇರಾಕ್ ಯುದ್ಧ ಬೇಡ ಅಂದವರು ಒಬಾಮಾ. ಅದೇ ಮಾತಿನ ಬಲದಿಂದ 2008ರಲ್ಲಿ ಹಿಲರಿ ಕ್ಲಿಂಟನ್ನರನ್ನು ಪಕ್ಷದೊಳಗೇ ಸೋಲಿಸಿದರು. ಗ್ವಾಂಟನಾಮೊ ಜೈಲು ಮುಚ್ಚುತ್ತೇನೆ ಅಂದರು. ಸರ್ಕಾರದ ತಪ್ಪು ಹೊರಗೆ ಹಾಕುವ ನೌಕರರಿಗೆ ರಕ್ಷಣೆ ಕೊಡುತ್ತೇನೆ ಅಂದರು. ಔಷಧಿ ಕಂಪನಿಗಳ ಜೊತೆ ಸರ್ಕಾರವೇ ಚೌಕಾಸಿ ಮಾಡಿ ಬೆಲೆ ಇಳಿಸಬೇಕು ಅಂದರು. ದಾಖಲೆ ಇಲ್ಲದ ವಲಸಿಗರಿಗೆ ದಾರಿ ಮಾಡಿಕೊಡುವ ಕಾನೂನು ಮೊದಲ ವರ್ಷವೇ ತರುತ್ತೇನೆ ಅಂದರು. ಸುಮಾರು 6.9 ಕೋಟಿ ವೋಟು, 365 ಎಲೆಕ್ಟೋರಲ್ ಮತ ಬಂದದ್ದು ಈ ಮಾತುಗಳಿಗೆ. ಅಫ್ಘಾನಿಸ್ತಾನಕ್ಕೆ ಇನ್ನಷ್ಟು ಸೈನ್ಯ ಕಳಿಸುತ್ತೇನೆ ಅಂತಲೂ ಆಗಲೇ ಹೇಳಿದ್ದರು, ಆದ್ದರಿಂದ ಅದನ್ನು ನಾನು ವಂಚನೆಯ ಲೆಕ್ಕಕ್ಕೆ ಸೇರಿಸೋದಿಲ್ಲ. ಹೇಳಿದ್ದನ್ನು ಕೇಳಿದರೆ ಅದು ಕನಸು ಹೇಗಾಗುತ್ತೆ?

ಇಂಥ ವಿಷಯದಲ್ಲಿ ಲೆಕ್ಕ ಹಾಕೋದಕ್ಕೆ ನನ್ನ ಹತ್ತಿರ ಒಂದು ಸುಲಭ ಉಪಾಯ ಇದೆ. ಎರಡು ಪಟ್ಟಿ ಮಾಡಿ. ಒಂದರಲ್ಲಿ ಕಾಂಗ್ರೆಸ್ಸಿನ ಒಪ್ಪಿಗೆ ಬೇಕಾದ ಕೆಲಸ. ಇನ್ನೊಂದರಲ್ಲಿ ಅಧ್ಯಕ್ಷರು ತಮ್ಮ ಪೆನ್ನಿನಿಂದಲೇ, ತಮ್ಮ ಕೈಕೆಳಗಿನ ಇಲಾಖೆಯಿಂದಲೇ ಮಾಡಬಹುದಾದ ಕೆಲಸ.

ಮೊದಲ ಪಟ್ಟಿಗೆ ಧಾರಾಳವಾಗಿ ರಿಯಾಯಿತಿ ಕೊಡೋಣ. ಸೆನೆಟ್‌ನಲ್ಲಿ ಒಂದು ಮಸೂದೆಯ ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕಾದರೆ 100ರಲ್ಲಿ 60 ಜನ ಬೇಕು. ಡೆಮಾಕ್ರಟರಿಗೆ ಆ 60 ಸಿಕ್ಕಿದ್ದು 2009ರ ಜುಲೈನಲ್ಲಿ. ಆಗಸ್ಟ್‌ನಲ್ಲಿ ಟೆಡ್ ಕೆನಡಿ ತೀರಿಕೊಂಡರು, 2010ರ ಜನವರಿಯಲ್ಲಿ ಅವರ ಸ್ಥಾನ ರಿಪಬ್ಲಿಕನ್ ಸ್ಕಾಟ್ ಬ್ರೌನ್ ಪಾಲಾಯಿತು. ಅಂದರೆ ಸರಿಯಾಗಿ ಆರೇಳು ತಿಂಗಳೂ ಕೈಯಲ್ಲಿರಲಿಲ್ಲ. ಖಾಸಗಿ ವಿಮೆಗೆ ಎದುರಾಗಿ ಸರ್ಕಾರದ್ದೇ ಒಂದು ವಿಮೆ ಇರಲಿ ಅನ್ನುವ ಯೋಜನೆ ಕೆಳಮನೆಯಲ್ಲಿ ಪಾಸಾಗಿ ಬಂದಿತ್ತು, ಜೋ ಲೀಬರ್ಮನ್ ಒಬ್ಬರು ಹಟ ಹಿಡಿದು 2009ರ ಡಿಸೆಂಬರ್‌ನಲ್ಲಿ ಅದನ್ನು ತೆಗೆಸಿಹಾಕಿದರು. ಗ್ವಾಂಟನಾಮೊ ಮುಚ್ಚೋದಕ್ಕೆ ಹಣ ಕೊಡೋದಿಲ್ಲ ಅಂತ 2009ರ ಮೇನಲ್ಲಿ ಸೆನೆಟ್ 90-6ರಿಂದ ತೀರ್ಮಾನ ಮಾಡಿತು. ಒಬಾಮಾರದೇ ಪಕ್ಷದವರೂ ಸೇರಿಕೊಂಡು! ಸರಿ, ಇವಕ್ಕೆಲ್ಲ ಒಬಾಮಾ ಒಬ್ಬರನ್ನೇ ಬೈಯೋದು ತಪ್ಪು. ಒಪ್ಪಿದೆ.

ಈಗ ಎರಡನೇ ಪಟ್ಟಿಗೆ ಬನ್ನಿ.

ಮನೆ ಸಾಲದ ಕಥೆ ನೋಡಿ. 2008ರ ಕುಸಿತದ ಮೇಲೆ ಲಕ್ಷಾಂತರ ಕುಟುಂಬಗಳ ಮನೆ ಬ್ಯಾಂಕಿನ ಪಾಲಾಗುತ್ತಿತ್ತು. ಬ್ಯಾಂಕುಗಳನ್ನು ಉಳಿಸೋದಕ್ಕೆ ಕಾಂಗ್ರೆಸ್ ಕೊಟ್ಟ ದುಡ್ಡಿನಲ್ಲೇ ಮನೆಯವರನ್ನೂ ಉಳಿಸೋದಕ್ಕೆ ಅವಕಾಶ ಇತ್ತು. 30ರಿಂದ 40 ಲಕ್ಷ ಮನೆ ಉಳಿಸುತ್ತೇವೆ ಅಂತ 2009ರ ಫೆಬ್ರುವರಿಯಲ್ಲಿ ಯೋಜನೆ ಘೋಷಿಸಿದರು. ಆದರೆ ಯಾರ ಸಾಲದ ಕಂತು ಇಳಿಸಬೇಕು ಅನ್ನೋ ತೀರ್ಮಾನ ಬಿಟ್ಟದ್ದು ಯಾರಿಗೆ? ಆ ಸಾಲ ವಸೂಲಿ ಮಾಡುವ ಕಂಪನಿಗಳಿಗೇ! ಕುರಿ ಕಾಯೋದಕ್ಕೆ ತೋಳನನ್ನು ಇಟ್ಟ ಹಾಗೆ. ಜನ ಅದೇ ಕಾಗದಪತ್ರ ಮತ್ತೆ ಮತ್ತೆ ಕಳಿಸಿದರು, ಅದು ಮತ್ತೆ ಮತ್ತೆ ಕಳೆದುಹೋಯಿತು. ಮೊದಲ ನಾಲ್ಕು ವರ್ಷ ಮುಗಿಯುವಾಗ ಹೇಳಿದ ಗುರಿಯ ಅರ್ಧವೂ ಆಗಿರಲಿಲ್ಲ. ಇದನ್ನು ನಡೆಸಿದ್ದು ಒಬಾಮಾರ ಖಜಾನೆ ಇಲಾಖೆ. ರಿಪಬ್ಲಿಕನ್ನರು ಇಲ್ಲಿ ಅಡ್ಡಗಾಲು ಹಾಕಿರಲಿಲ್ಲ. ಮನೆ ಕಳೆದುಕೊಂಡವರಲ್ಲಿ ಕಪ್ಪು ಜನಾಂಗದವರ, ಲ್ಯಾಟಿನೋಗಳ ಪಾಲು ಅವರ ಜನಸಂಖ್ಯೆಗೆ ಮೀರಿದ್ದು. ಸಾಲಿನಲ್ಲಿ ನಿಂತು ಒಬಾಮಾಗೆ ವೋಟು ಹಾಕಿದವರೂ ಇವರೇ ಅಲ್ವಾ?

ಅದೇ 2009ರ ಮಾರ್ಚ್‌ನಲ್ಲಿ ಸರ್ಕಾರದ ದುಡ್ಡಿನಿಂದ ಬದುಕಿಕೊಂಡ ಎಐಜಿ ವಿಮಾ ಕಂಪನಿ ತನ್ನ ನೌಕರರಿಗೆ 16.5 ಕೋಟಿ ಡಾಲರ್ ಬೋನಸ್ ಹಂಚಿತು. ಒಬಾಮಾ ಸಿಟ್ಟು ತೋರಿಸಿದರು. ಆದರೆ ಅವರ ಜನ ಹೇಳಿದ್ದು, ಒಪ್ಪಂದ ಆಗಿಹೋಗಿದೆ, ಮುರಿಯೋಕಾಗಲ್ಲ ಅಂತ. ಅದೇ ವರ್ಷ ಜನರಲ್ ಮೋಟಾರ್ಸ್, ಕ್ರೈಸ್ಲರ್ ಕಾರ್ಮಿಕರ ಒಪ್ಪಂದಗಳನ್ನು ಮಾತ್ರ ಕೂರಿಸಿಕೊಂಡು ಬದಲಾಯಿಸಿದರು. ಬ್ಯಾಂಕಿನವರ ಒಪ್ಪಂದ ಶಿಲಾಶಾಸನ, ಫ್ಯಾಕ್ಟರಿಯವರ ಒಪ್ಪಂದ ಮರಳಿನ ಮೇಲಿನ ಬರಹ!

ಇನ್ನು ಆ ಕುಸಿತಕ್ಕೆ ಕಾರಣರಾದವರು? ದೊಡ್ಡ ದೊಡ್ಡ ಬ್ಯಾಂಕುಗಳು ದಂಡ ಕಟ್ಟಿದವು, ಅದೂ ಷೇರುದಾರರ ದುಡ್ಡಿನಲ್ಲಿ. ಕುರ್ಚಿಯಲ್ಲಿ ಕೂತಿದ್ದ ದೊಡ್ಡವರು ಯಾರೂ ಜೈಲಿಗೆ ಹೋಗಲಿಲ್ಲ. ಕೆಲವು ಬ್ಯಾಂಕುಗಳು ಎಷ್ಟು ದೊಡ್ಡವಾಗಿವೆ ಅಂದರೆ ಅವುಗಳ ಮೇಲೆ ಮೊಕದ್ದಮೆ ಹಾಕೋದೇ ಕಷ್ಟ ಅಂತ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ 2013ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಿದರು. ಮೊಕದ್ದಮೆ ಹಾಕೋದಕ್ಕೆ 60 ಸೆನೆಟರುಗಳು ಬೇಕಾ? ಬೇಡ.

ಹಾಗಂತ ನ್ಯಾಯಾಂಗ ಇಲಾಖೆ ಸುಮ್ಮನೆ ಕೂತಿತ್ತು ಅಂದುಕೊಳ್ಳಬೇಡಿ. 1917ರ ಬೇಹುಗಾರಿಕೆ ಕಾಯ್ದೆಯನ್ನು ಹಿಡಿದುಕೊಂಡು, ಪತ್ರಿಕೆಗಳಿಗೆ ಮಾಹಿತಿ ಕೊಟ್ಟವರ ಮೇಲೆ ಎಂಟು ಮೊಕದ್ದಮೆ ಹಾಕಿದರು. ಹಿಂದಿನ ಎಲ್ಲ ಅಧ್ಯಕ್ಷರೂ ಸೇರಿ ಹಾಕಿದ್ದಕ್ಕಿಂತ ಹೆಚ್ಚು! ರಕ್ಷಣೆ ಕೊಡುತ್ತೇನೆ ಅಂದಿದ್ದವರು ಇವರೇ. ಚೆಲ್ಸೀ ಮ್ಯಾನಿಂಗ್‌ಗೆ 2013ರಲ್ಲಿ 35 ವರ್ಷದ ಶಿಕ್ಷೆ ಆಯಿತು. ಒಬಾಮಾ ಅದನ್ನು ಕಡಿಮೆ ಮಾಡಿದ್ದು 2017ರ ಜನವರಿಯಲ್ಲಿ, ಗಂಟುಮೂಟೆ ಕಟ್ಟುವಾಗ.

ಡ್ರೋನ್ ವಿಷಯ ಇನ್ನೂ ಕಹಿ. ಪಾಕಿಸ್ತಾನ, ಯೆಮನ್, ಸೊಮಾಲಿಯಾಗಳಲ್ಲಿ ಬುಷ್ ಕಾಲದಲ್ಲಿ 57 ದಾಳಿ, ಒಬಾಮಾ ಕಾಲದಲ್ಲಿ 563. ಲಂಡನ್ನಿನ ಬ್ಯೂರೋ ಆಫ್ ಇನ್ವೆಸ್ಟಿಗೇಟಿವ್ ಜರ್ನಲಿಸಂ ಕೂತು ಎಣಿಸಿದ ಲೆಕ್ಕ ಇದು. 2011ರ ಅಕ್ಟೋಬರ್‌ನಲ್ಲಿ ಯೆಮನ್‌ನಲ್ಲಿ ಸತ್ತವರಲ್ಲಿ ಅಬ್ದುಲ್ರಹಮಾನ್ ಅಲ್-ಔಲಕಿ ಅನ್ನುವ 16 ವರ್ಷದ ಹುಡುಗನೂ ಇದ್ದ, ಅಮೆರಿಕದಲ್ಲಿ ಹುಟ್ಟಿದ ಅಮೆರಿಕದ ಪ್ರಜೆ. ಅವನ ಮೇಲೆ ಯಾವ ಆರೋಪವೂ ಇರಲಿಲ್ಲ, ಅವನು ನಮ್ಮ ಗುರಿಯಾಗಿರಲಿಲ್ಲ ಅಂದರು ಅಷ್ಟೇ. ಇದನ್ನೇ ಬುಷ್ ಮಾಡಿದ್ದರೆ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ಎಷ್ಟು ಜನ ಇರುತ್ತಿದ್ದರು ಅಂತ ಎದೆ ಮುಟ್ಟಿಕೊಂಡು ಹೇಳಿ.

ಗಡೀಪಾರು? ಎಂಟು ವರ್ಷದಲ್ಲಿ ಸುಮಾರು 30 ಲಕ್ಷ, ಬುಷ್ ಎಂಟು ವರ್ಷಕ್ಕಿಂತಲೂ ಹೆಚ್ಚು. 2012ನೇ ಸಾಲಿನಲ್ಲಿ ಒಂದೇ ವರ್ಷ ನಾಲ್ಕು ಲಕ್ಷಕ್ಕೂ ಮೀರಿ. ಲ್ಯಾಟಿನೋ ಸಂಘಟನೆಯ ನಾಯಕಿ ಜಾನೆಟ್ ಮುರ್ಗಿಯಾ 2014ರಲ್ಲಿ ಒಬಾಮಾರನ್ನು ಗಡೀಪಾರಿನ ಮಹಾದಂಡನಾಯಕ ಅನ್ನುವ ಅರ್ಥದಲ್ಲಿ ಕರೆದರು. ಆಕೆ ವಿರೋಧಿಯಲ್ಲ, ಅದುವರೆಗೂ ಜೊತೆಗೇ ನಿಂತಿದ್ದವರು.

ನಮ್ಮ ಬೆಂಗಳೂರಿನವರಿಗೆ 2009ರ ಮೇ ತಿಂಗಳು ನೆನಪಿರಬೇಕು. ಬಫಲೋದಲ್ಲಿ ಕೆಲಸ ಕೊಡುವ ಕಂಪನಿಗಿಂತ ಬೆಂಗಳೂರಿನಲ್ಲಿ ಕೆಲಸ ಕೊಡುವ ಕಂಪನಿಗೆ ಕಡಿಮೆ ತೆರಿಗೆ ಬೀಳೋ ಹಾಗಿದೆ, ಇದನ್ನು ಬದಲಾಯಿಸುತ್ತೇನೆ ಅಂದರು ಒಬಾಮಾ. ಇಲ್ಲಿ ನಮ್ಮ ಐಟಿ ಮಂದಿಗೆಲ್ಲ ಮೈ ಉರಿಯಿತು, ಪೇಪರ್, ಟಿವಿ ತುಂಬ ಅದೇ. ಆದರೆ ಆಮೇಲೆ ಏನಾಯಿತು ಅಂತ ಯಾರಾದರೂ ವಿಚಾರಿಸಿದರಾ? ಹೊರದೇಶದ ಲಾಭವನ್ನು ಹೊರಗೇ ಇಟ್ಟುಕೊಂಡು ತೆರಿಗೆ ಮುಂದಕ್ಕೆ ಹಾಕುವ ಆ ಮುಖ್ಯ ಸೌಲಭ್ಯ ಅವರ ಎಂಟೂ ವರ್ಷ ಹಾಗೇ ಉಳಿಯಿತು. ಕಾನೂನು ಬದಲಾಗಿದ್ದು 2017ರ ಕೊನೆಗೆ, ಅದೂ ಟ್ರಂಪ್ ಕಾಲದಲ್ಲಿ, ಕಂಪನಿಗಳಿಗೆ ಅನುಕೂಲ ಆಗೋ ಹಾಗೆ. ಬೆಂಗಳೂರಿಗೂ ಸಿಟ್ಟು ತರಿಸಿ, ಬಫಲೋಗೂ ಏನೂ ಸಿಗದೆ ಮುಗಿದ ಕಥೆ ಅದು.

ಔಷಧಿ ಕಂಪನಿಗಳ ಕಥೆ ಕೂಡ ಹೀಗೇ. 2008ರಲ್ಲಿ ಆ ಕಂಪನಿಗಳ ಲಾಬಿಯನ್ನು ಗೇಲಿ ಮಾಡಿ ಜಾಹೀರಾತು ಮಾಡಿದ್ದರು. 2009ರ ಬೇಸಿಗೆಯಲ್ಲಿ ಅದೇ ಲಾಬಿಯ ಜೊತೆ ಕೂತು ಮಾತು ಮುಗಿಸಿದರು: ನೀವು ಹತ್ತು ವರ್ಷದಲ್ಲಿ 8,000 ಕೋಟಿ ಡಾಲರ್ ಬಿಟ್ಟುಕೊಡಿ, ಅದಕ್ಕಿಂತ ಹೆಚ್ಚು ನಾವು ಕೇಳೋದಿಲ್ಲ, ಬೆಲೆಯ ಚೌಕಾಸಿಯೂ ಇಲ್ಲ. ಮೆಡಿಕೇರ್ ಔಷಧಿ ಬೆಲೆ ಚೌಕಾಸಿ ಮಾಡಬಹುದು ಅಂತ ಕಾನೂನು ಬಂದದ್ದು 2022ರಲ್ಲಿ, ಹದಿಮೂರು ವರ್ಷ ಆದಮೇಲೆ. ಮಾತುಕತೆಗೆ ಕೂರುವ ಮೊದಲೇ ಕೈಯಲ್ಲಿದ್ದ ಪತ್ತೆ ಬಿಚ್ಚಿಟ್ಟವರಿಗೆ ಯಾರು ಏನು ಮಾಡೋಕಾಗುತ್ತೆ ಹೇಳಿ?

ಇಷ್ಟಾದ ಮೇಲೆ ಜನ ಬೇಜಾರಾದರೆ ಸಿಕ್ಕಿದ್ದೇನು? ಬೈಗುಳ. 2010ರ ಆಗಸ್ಟ್‌ನಲ್ಲಿ ಶ್ವೇತಭವನದ ವಕ್ತಾರ ರಾಬರ್ಟ್ ಗಿಬ್ಸ್, ಒಬಾಮಾರನ್ನು ಬುಷ್‌ಗೆ ಹೋಲಿಸುವವರಿಗೆ ಡ್ರಗ್ ಟೆಸ್ಟ್ ಮಾಡಿಸಬೇಕು ಅಂತ ಹೇಳಿದರು. ಅದೇ ಡಿಸೆಂಬರ್‌ನಲ್ಲಿ ಬುಷ್ ಕೊಟ್ಟಿದ್ದ ತೆರಿಗೆ ರಿಯಾಯಿತಿಯನ್ನು ಶ್ರೀಮಂತರಿಗೂ ಸೇರಿಸಿ ಎರಡು ವರ್ಷ ಮುಂದುವರಿಸುವ ಒಪ್ಪಂದ ಆಯಿತು. ಅದನ್ನು ವಿರೋಧಿಸಿದ ತಮ್ಮವರನ್ನೇ ಒಬಾಮಾ ಶುದ್ಧಾಚಾರದ ಮಡಿವಂತರು ಅನ್ನುವ ಧಾಟಿಯಲ್ಲಿ ಚುಚ್ಚಿದರು. ಆ ವಾರವೇ ಬರ್ನಿ ಸ್ಯಾಂಡರ್ಸ್ ಸೆನೆಟ್‌ನಲ್ಲಿ ಎಂಟೂವರೆ ಗಂಟೆ ನಿಂತು ಆ ಒಪ್ಪಂದದ ವಿರುದ್ಧ ಮಾತಾಡಿದರು. ಮಿಚ್ ಮೆಕಾನೆಲ್ ಜೊತೆ ಎಷ್ಟೊಂದು ಸೌಜನ್ಯ, ತಮಗಾಗಿ ಮನೆ ಮನೆ ತಿರುಗಿದವರ ಮೇಲೆ ಎಷ್ಟೊಂದು ಅಸಹನೆ!

ಮನೆ ಮನೆ ತಿರುಗಿದವರು ಅಂದೆನಲ್ಲ, ಅವರ ಗತಿಯನ್ನೂ ನೋಡಿ. 2008ರ ಪ್ರಚಾರದಲ್ಲಿ 1.3 ಕೋಟಿ ಜನರ ಇಮೇಲ್ ಪಟ್ಟಿ ಕಟ್ಟಿದ್ದರು. ಅಂಥ ದಂಡು ಅಮೆರಿಕದಲ್ಲಿ ಅದಕ್ಕೆ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಅಧಿಕಾರ ಬಂದ ತಕ್ಷಣ ಅದನ್ನು ಪಕ್ಷದ ರಾಷ್ಟ್ರೀಯ ಸಮಿತಿಯೊಳಗೆ ಸೇರಿಸಿದರು. ಲೀಬರ್ಮನ್‌ರಂಥವರ ಊರಿಗೆ ಹೋಗಿ ಒತ್ತಡ ಹಾಕಬೇಕಾಗಿದ್ದ ಜನಕ್ಕೆ ಬಂದದ್ದು ಧನ್ಯವಾದ ಪತ್ರ, ದೇಣಿಗೆ ಕೊಡಿ ಅನ್ನೋ ಮನವಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ!

"ನೀವು ಹೀಗೆ ಟೀಕೆ ಮಾಡಿದ್ದಕ್ಕೇ 2010ರಲ್ಲಿ ಸೋತದ್ದು" ಅನ್ನೋರಿದ್ದಾರೆ. ಆ ನವೆಂಬರ್‌ನಲ್ಲಿ ಡೆಮಾಕ್ರಟರು ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡರು, ನಿಜ. ಆದರೆ ಲೇಖನ ಬರೆದು ಬೈಯುವ ಮಂದಿ ವೋಟು ತಪ್ಪಿಸೋರಲ್ಲ. ಮನೆಯಲ್ಲೇ ಕೂತವರು ಬೇರೆ: ಹುಡುಗರು, ಬಡವರು, ಎರಡು ವರ್ಷದ ಹಿಂದೆ ಮೊದಲ ಸಲ ವೋಟು ಹಾಕಿದವರು. ನಿರುದ್ಯೋಗ ಆಗ ಶೇ. 9ರ ಮೇಲಿತ್ತು. ಅವರನ್ನು ಮನೆಯಲ್ಲಿ ಕೂರಿಸಿದ್ದು ಯಾರದೋ ಲೇಖನ ಅಂತ ನಂಬಬೇಕಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಈಗ ನನ್ನ ಮುಖ್ಯ ಮಾತು. ತಾಳ್ಮೆ ಇಟ್ಟುಕೊಂಡು ಕಾದವರಿಗೆ ಏನು ಸಿಕ್ಕಿತು, ಕಾಯದೆ ಗಲಾಟೆ ಮಾಡಿದವರಿಗೆ ಏನು ಸಿಕ್ಕಿತು ಅಂತ ಪಕ್ಕಪಕ್ಕ ಇಟ್ಟು ನೋಡಿ.

ಸಲಿಂಗಿಗಳು ಸೈನ್ಯದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಇರಬಹುದು ಅನ್ನೋ ನಿಯಮ ಇತ್ತು. ಲೆಫ್ಟಿನೆಂಟ್ ಡ್ಯಾನ್ ಚೋಯ್ 2010ರ ಮಾರ್ಚ್‌ನಲ್ಲಿ ಸಮವಸ್ತ್ರದಲ್ಲೇ ಬಂದು ಶ್ವೇತಭವನದ ಬೇಲಿಗೆ ತನ್ನನ್ನೇ ಬೇಡಿ ಹಾಕಿಕೊಂಡು ನಿಂತರು. ಆ ಡಿಸೆಂಬರ್‌ನಲ್ಲಿ ಅದನ್ನು ರದ್ದು ಮಾಡುವ ಕಾನೂನಿಗೆ ಸಹಿ ಬಿತ್ತು.

ಮಕ್ಕಳಾಗಿದ್ದಾಗ ಅಮೆರಿಕಕ್ಕೆ ಬಂದ, ದಾಖಲೆ ಇಲ್ಲದ ಹುಡುಗರ ಗಡೀಪಾರು ನಿಲ್ಲಿಸೋದು ನನ್ನ ಕೈಲಿಲ್ಲ, ಕಾನೂನು ಬಿಡೋದಿಲ್ಲ ಅಂತ 2011ರಲ್ಲಿ ಒಬಾಮಾ ಹೇಳಿದ್ದರು. 2012ರ ಜೂನ್‌ನಲ್ಲಿ ಆ ಹುಡುಗರೇ ಡೆನ್ವರ್‌ನ ಅವರ ಪ್ರಚಾರ ಕಚೇರಿಯಲ್ಲಿ ಧರಣಿ ಕೂತರು. ಸಿಕ್ಕಿಬಿದ್ದರೆ ಗಡೀಪಾರು ಅಂತ ಗೊತ್ತಿದ್ದೂ ಕೂತರು! ಜೂನ್ 15ಕ್ಕೆ ಕೈಲಾಗದ ಕೆಲಸ ಕೈಲಾಯಿತು. ಮುಂದೆ ಎಂಟು ಲಕ್ಷದಷ್ಟು ಹುಡುಗ ಹುಡುಗಿಯರಿಗೆ ಅದರಿಂದ ಕೆಲಸ ಮಾಡುವ ಪರವಾನಗಿ ಸಿಕ್ಕಿತು.

ಕೀಸ್ಟೋನ್ ಎಕ್ಸ್‌ಎಲ್ ತೈಲದ ಪೈಪ್‌ಲೈನ್ ಕೆನಡಾದ ಗಡಿ ದಾಟಿ ಬರಬೇಕಾದ್ದರಿಂದ ಅದಕ್ಕೆ ಅಧ್ಯಕ್ಷರ ಅನುಮತಿ ಬೇಕಿತ್ತು. 2011ರಲ್ಲಿ ಬಿಲ್ ಮೆಕಿಬ್ಬನ್ ಮತ್ತು ಜೊತೆಯವರು ಶ್ವೇತಭವನದ ಮುಂದೆ ಕೂತರು, ಎರಡು ವಾರದಲ್ಲಿ 1,253 ಜನ ಅರೆಸ್ಟ್ ಆದರು. ಅವರಲ್ಲಿ ಎಷ್ಟೋ ಜನರ ಅಂಗಿಯ ಮೇಲೆ 2008ರ ಒಬಾಮಾ ಬಿಲ್ಲೆ ಇತ್ತು. 2015ರ ನವೆಂಬರ್‌ನಲ್ಲಿ ಒಬಾಮಾ ಆ ಪೈಪ್‌ಲೈನ್ ಬೇಡ ಅಂದರು.

ಇದು ಹೊಸದೇನಲ್ಲ. 1941ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ಲಕ್ಷ ಜನ ಕಪ್ಪು ಕಾರ್ಮಿಕರನ್ನು ವಾಷಿಂಗ್ಟನ್‌ಗೆ ಕರೆತರುತ್ತೇನೆ ಅಂತ ರೂಸ್‌ವೆಲ್ಟ್‌ಗೆ ಎಚ್ಚರಿಕೆ ಕೊಟ್ಟರು. ಮೆರವಣಿಗೆಗೆ ವಾರ ಇರುವಾಗ, ಜೂನ್ 25ಕ್ಕೆ, ರಕ್ಷಣಾ ಕಾರ್ಖಾನೆಗಳಲ್ಲಿ ಬಣ್ಣಭೇದ ಮಾಡಬಾರದು ಅನ್ನುವ ಆದೇಶಕ್ಕೆ ರೂಸ್‌ವೆಲ್ಟ್ ಸಹಿ ಹಾಕಿದರು. 1965ರಲ್ಲಿ ಮತದಾನದ ಹಕ್ಕಿನ ಕಾನೂನಿಗೆ ಇನ್ನೂ ಸಮಯ ಬೇಕು ಅಂದಿದ್ದ ಜಾನ್ಸನ್, ಸೆಲ್ಮಾದ ಸೇತುವೆಯ ಮೇಲೆ ರಕ್ತ ಹರಿದ ಎಂಟೇ ದಿನಕ್ಕೆ ಕಾಂಗ್ರೆಸ್ಸಿನ ಮುಂದೆ ಬಂದು ಅದೇ ಕಾನೂನು ಕೇಳಿದರು. ರೂಸ್‌ವೆಲ್ಟ್, ಜಾನ್ಸನ್ ಇಬ್ಬರೂ "ನಮ್ಮವರೇ". ನಮ್ಮವರೇ ಅಂತ ರಾಂಡಾಲ್ಫ್, ಮಾರ್ಟಿನ್ ಲೂಥರ್ ಕಿಂಗ್ ಸುಮ್ಮನೆ ಕೂತಿದ್ದರೆ? ಅಳುವ ಮಗುವಿಗೇ ಹಾಲು ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಆ ಕಡೆ ಇನ್ನೊಂದು ಗುಂಪು ಇದೆ, ಅವರಿಗೂ ಒಂದು ಮಾತು. "ಎರಡೂ ಪಕ್ಷ ಒಂದೇ, ವೋಟೇ ಬೇಡ" ಅನ್ನೋರು. ಒಂದೇ ಅಲ್ಲ ಸ್ವಾಮೀ. ಒಬಾಮಾ ತಂದ ಆರೋಗ್ಯ ವಿಮೆ ಕಾನೂನಿನಿಂದ 2016ರ ಹೊತ್ತಿಗೆ ಸುಮಾರು ಎರಡು ಕೋಟಿ ಜನರಿಗೆ ಹೊಸದಾಗಿ ವಿಮೆ ಸಿಕ್ಕಿತ್ತು. ಅದು ಎಷ್ಟೇ ಅರೆಬರೆ ಆಗಿರಲಿ, ಕ್ಯಾನ್ಸರ್ ಬಂದವನಿಗೆ ಅದು ಜೀವ. ವೋಟು ಹಾಕಿ. ಹಾಕಿದ ಮಾರನೇ ದಿನ ಬೆಳಗ್ಗೆ ಬಾಗಿಲು ತಟ್ಟಿ. ಎರಡೂ ಮಾಡೋದಕ್ಕೆ ಆಗುತ್ತೆ.

ಯಾಕೆ ತಟ್ಟಬೇಕು ಅಂದರೆ, ನಮ್ಮವನು ಕೂತ ಕುರ್ಚಿಯಲ್ಲಿ ನಾಳೆ ಇನ್ನೊಬ್ಬ ಬಂದು ಕೂರುತ್ತಾನೆ. ನಮ್ಮವನ ಕೈಯಲ್ಲಿದೆ ಅಂತ ಸುಮ್ಮನೆ ನೋಡಿದ ಕತ್ತಿ ಅವನ ಕೈಗೂ ಹೋಗುತ್ತೆ. ತಾಯಿ ಮಕ್ಕಳನ್ನು ಒಟ್ಟಿಗೆ ಕೂಡಿಹಾಕುವ ಟೆಕ್ಸಸ್‌ನ ದೊಡ್ಡ ಕೇಂದ್ರ ತೆರೆದದ್ದು 2014ರಲ್ಲಿ, ಒಬಾಮಾ ಕಾಲದಲ್ಲಿ. ಟ್ರಂಪ್‌ಗೆ ಅದು ಕಟ್ಟಿ ರೆಡಿಯಾಗಿ ಸಿಕ್ಕಿತು. ಡ್ರೋನ್ ದಾಳಿಯಲ್ಲಿ ಸತ್ತ ನಾಗರಿಕರ ಲೆಕ್ಕ ಪ್ರತಿವರ್ಷ ಕೊಡಬೇಕು ಅಂತ ಒಬಾಮಾ 2016ರಲ್ಲಿ, ಹೊರಡುವ ಹೊತ್ತಿಗೆ, ಒಂದು ಆದೇಶ ಮಾಡಿದರು. 2019ರ ಮಾರ್ಚ್‌ನಲ್ಲಿ ಟ್ರಂಪ್ ಅದರ ಮುಖ್ಯ ಭಾಗವನ್ನು ಒಂದೇ ಸಹಿಯಲ್ಲಿ ಅಳಿಸಿದರು. ಡ್ರೋನ್ ಉಳಿಯಿತು, ಲೆಕ್ಕ ಹೋಯಿತು. 2011ರಲ್ಲಿ "ಒಬಾಮಾ ವಿವೇಕಿ, ಅವರು ಯೋಚಿಸಿಯೇ ಮಾಡ್ತಾರೆ" ಅಂದವರು ಆ ದಿನ ಏನಂದರೋ!

ಈ ಆಟ ಒಬಾಮಾ ಜೊತೆಗೇ ಮುಗಿಯಲೂ ಇಲ್ಲ. 2024ರ ಫೆಬ್ರುವರಿಯಲ್ಲಿ ಮಿಷಿಗನ್‌ನ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಯಾರಿಗೂ ಬದ್ಧರಲ್ಲ ಅಂತ ಗುರುತು ಹಾಕಿದರು. ಅವರಲ್ಲಿ ಬಹಳ ಜನ ಗಾಜಾ ವಿಷಯದಲ್ಲಿ ಬೈಡನ್‌ರ ಮೇಲೆ ಸಿಟ್ಟಾದವರು. ಬಂದೂಕು ಬಾಂಬು ಕಳಿಸೋದು ನಿಲ್ಲಿಸಿ ಅನ್ನೋದು ಅವರ ಬೇಡಿಕೆ, ಅದರಲ್ಲಿ ಬಹುಪಾಲು ಅಧ್ಯಕ್ಷರ ಕೈಯಲ್ಲೇ ಇದ್ದ ಕೆಲಸ. ಸಿಕ್ಕ ಉತ್ತರ ಮತ್ತದೇ: "ಹಾಗಾದರೆ ಟ್ರಂಪ್ ಬರಲಾ?" ನವೆಂಬರ್‌ನಲ್ಲಿ ಟ್ರಂಪ್ ಮಿಷಿಗನ್ ಕೂಡ ಗೆದ್ದುಕೊಂಡು ಬಂದರು. ಹೆದರಿಸಿದ್ದರಿಂದ ಲಾಭ ಯಾರಿಗಾಯಿತು?

ಅತ್ತ ದರಿ ಇತ್ತ ಪುಲಿ ಅನ್ನೋ ಸ್ಥಿತಿ ಅಮೆರಿಕದ ಪ್ರಗತಿಪರ ಮತದಾರನದ್ದು, ಒಪ್ಪುತ್ತೇನೆ. ಎರಡೇ ಪಕ್ಷ ಇರುವ ಕಡೆ ಅವನು ಎಲ್ಲಿಗೆ ಹೋಗ್ತಾನೆ ಬಿಡು ಅನ್ನೋ ಧೈರ್ಯ ಅವನ ನಾಯಕರಿಗೆ ಇದ್ದೇ ಇರುತ್ತೆ. ಆ ಧೈರ್ಯವನ್ನು ಮುರಿಯೋದಕ್ಕೆ ಅವನ ಹತ್ತಿರ ಇರೋದು ಒಂದೇ, ಬಾಯಿ. ಅದನ್ನೂ ಮುಚ್ಚಿಕೋ ಅಂದರೆ ಹೇಗೆ?

ಇನ್ನೊಮ್ಮೆ ಅವರವನೇ ಒಬ್ಬ ಗೆದ್ದು ಬರುತ್ತಾನೆ, ಮತ್ತೆ ಸ್ಟೇಡಿಯಂ ತುಂಬುತ್ತೆ, ಮತ್ತೆ ಕಣ್ಣೀರು, ಮತ್ತೆ ಪೋಸ್ಟರು. ಆ ರಾತ್ರಿಯೇ ಎರಡು ಪಟ್ಟಿ ಬರೆದಿಟ್ಟುಕೊಳ್ಳಿ ಅನ್ನೋದಷ್ಟೇ ನಾನು ಹೇಳೋದು. ಕಾಂಗ್ರೆಸ್ ಬೇಕಾದ್ದಕ್ಕೆ ಟೈಮ್ ಕೊಡಿ. ಪೆನ್ನು ಸಾಕಾದ್ದಕ್ಕೆ ಒಂದು ದಿನವೂ ಕೊಡಬೇಡಿ.

ಏನಂತೀರಿ?